ಗುಂಗುರಿನ ಗುಂಗು

ನಮ್ಮ ಹೊಸೂರಿನ ಬೆಟ್ಟದ ಮೇಲಿರುವ ದೇವರು ಚಂದ್ರಚೂಡೇಶ್ವರ. ಚೂಡ ಎಂದರೆ ಜುಟ್ಟು, ಮುಡಿ. ಹೆಸರಿನಲ್ಲೇ ಕೂದಲಿಟ್ಟುಕೊಂಡಿರುವ ದೇವರು. ಆ ಜಡೆಯಲ್ಲಿ ಚಂದ್ರ ಸಿಕ್ಕಿಕೊಂಡಿದ್ದಾನೆ, ಗಂಗೆಯಂಥ ಗಂಗೆ ದಾರಿ ತಪ್ಪಿ ಒಳಗೊಳಗೇ ಸುತ್ತಿದ್ದಾಳೆ. ಆದರೂ ಪಂಗುನಿ ತೇರಿಗೆ ಸೇರುವ ಅಷ್ಟು ಜನರಲ್ಲಿ ಒಬ್ಬರಾದರೂ "ಏನು ಸ್ವಾಮಿ, ತಲೆ ಬಾಚಿಕೊಂಡು ಬರಬಾರದಾಗಿತ್ತಾ?" ಎಂದು ಅವನನ್ನು ಕೇಳಿದ್ದು ನಾನು ಕಂಡಿಲ್ಲ. ಅದೇ ತೇರಿನಲ್ಲಿ ನನ್ನನ್ನು ಕಡೇಪಕ್ಷ ನಾಲ್ಕು ಜನ ಕೇಳಿರುತ್ತಾರೆ.

ನನ್ನದು ಗುಂಗುರು ಕೂದಲು. ಗಡಿಯ ಊರಾದ್ದರಿಂದ ಇದಕ್ಕೆ ಮೂರು ಹೆಸರು. ನಮ್ಮ ಮನೆಯಲ್ಲಿ ಗುಂಗುರು. ಎದುರುಮನೆ ತೆಲುಗರಿಗೆ ಉಂಗರಾಲ ಜುಟ್ಟು. ಪಕ್ಕದ ಮನೆಯ ತಮಿಳು ಪಾಟಿಗೆ ಸುರುಟ್ಟೈ ಮುಡಿ. ಉಂಗುರ ಅಂದಮೇಲೆ ಒಂದು ಗುಂಜಿಯಾದರೂ ಚಿನ್ನ ಇರಬೇಕಲ್ಲವೆ, ಅದಿಲ್ಲ. ಪಾಟಿ ಮಾತ್ರ ನನ್ನನ್ನು ಕಂಡಾಗೆಲ್ಲ ಕೆನ್ನೆ ಸವರಿ ಒಂದು ಗಾದೆ ಹೇಳುತ್ತಿದ್ದರು: "ಸುರುಟ್ಟೈ ಮುಡಿ ಸೋರು ಪೋಡುಂ, ಕೋರೈ ಮುಡಿ ಕುಡಿಯೈ ಕೆಡುಕ್ಕುಂ." ಗುಂಗುರು ಕೂದಲು ಅನ್ನ ಹಾಕುತ್ತದೆ, ಚಾಪೆ ಹೆಣೆಯುವ ಹುಲ್ಲಿನ ಹಾಗೆ ನೆಟ್ಟಗಿರುವ ಕೂದಲು ಮನೆ ಕೆಡಿಸುತ್ತದೆ ಅಂತ. ಪಾಟಿಯ ಮಾತು ಸುಳ್ಳಾಗಲಿಲ್ಲ. ನನ್ನ ಕೂದಲು ಅನ್ನ ಹಾಕಿದೆ. ನನಗಲ್ಲ, ಶಾಂಪೂ ಮಾರುವವರಿಗೆ.

ಅಮ್ಮನ ಪ್ರಕಾರ ಇದು ಅಪ್ಪನ ಕಡೆಯ ಕೂದಲು. ಈ ಮಾತನ್ನು ಅವಳು ನಲವತ್ತು ವರ್ಷ ಹೇಳಿದ್ದಾಳೆ. "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ ಈ ಗ್ರಹಚಾರ." ಅಪ್ಪನಿಗೆ ನಾನು ಹುಟ್ಟುವ ಹೊತ್ತಿಗೇ ತಲೆ ಬೋಳಾಗಿತ್ತು. ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರ ಫೋಟೋ ತೋರಿಸಿ, "ಅಷ್ಟು ದೊಡ್ಡ ಮನುಷ್ಯರಿಗೇ ಬಾಚಣಿಗೆ ಬೇಕಾಗಲಿಲ್ಲ, ನಮ್ಮದೇನು" ಎಂದು ನಗುತ್ತಿದ್ದರು. ಸಾಕ್ಷಿ ಉದುರಿಹೋಗಿದ್ದರಿಂದ ಆರೋಪವನ್ನು ಒಪ್ಪುವುದಕ್ಕೂ ಆಗಲಿಲ್ಲ, ತಳ್ಳಿಹಾಕುವುದಕ್ಕೂ ಆಗಲಿಲ್ಲ.

ಬೆಳಗ್ಗೆ ಏಳಕ್ಕೆ ಜಗಲಿಯ ಮೇಲೆ ಅಮ್ಮನ ಎರಡು ಮಂಡಿಗಳ ನಡುವೆ ನನ್ನ ತಲೆ. ಪಕ್ಕದಲ್ಲಿ ಹರಳೆಣ್ಣೆಯ ಗಿಣ್ಣಲು. ಅದರಲ್ಲಿ ಎರಡು ಮೆಣಸಿನಕಾಳು ತೇಲುತ್ತಿರುತ್ತಿದ್ದವು, ಶೀತವಾಗದಿರಲಿ ಅಂತ. ಎಣ್ಣೆಯನ್ನು ಅಂಗೈಯಲ್ಲಿ ತುಂಬಿ ನಡುನೆತ್ತಿಗೆ ಪಟಪಟ ತಟ್ಟುವವರೆಗೆ ಸುಖ. ಆಮೇಲೆ ತೇರಿನಲ್ಲಿ ಕೊಂಡ ಕರಿ ಬಾಚಣಿಗೆ ಬರುತ್ತಿತ್ತು. ನೆತ್ತಿಯಲ್ಲಿ ಊರಿ ಒಂದೇ ಉಸಿರಿಗೆ ಕೆಳಕ್ಕೆ ಎಳೆಯುವುದು ಅಮ್ಮನ ಪದ್ಧತಿ. ಬಾಚಣಿಗೆ ಕಿವಿಯ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. "ತಲೆ ಬಗ್ಸೇ" ಎಂದು ಬೆನ್ನಿಗೊಂದು ಬೀಳುತ್ತಿತ್ತು. ಟಕ್ ಅಂತ ಒಂದು ಹಲ್ಲು ಮುರಿಯುತ್ತಿತ್ತು. ಬಾಚಣಿಗೆಯದು. ಆ ಹಲ್ಲು ಎಲ್ಲಿ ಹೋಯಿತೆಂದು ಯಾರೂ ಹುಡುಕುತ್ತಿರಲಿಲ್ಲ; ಮುಂದಿನ ಎಣ್ಣೆಸ್ನಾನದಲ್ಲಿ ತಾನಾಗಿ ಸಿಗುತ್ತಿತ್ತು. ಕಣ್ಣು ಮೇಲಕ್ಕೆ ಸೆಳೆದುಕೊಳ್ಳುವಷ್ಟು ಬಿಗಿಯಾದ ಎರಡು ಜಡೆ, ಮಡಚಿ ಕಟ್ಟಿದ ರಿಬ್ಬನ್ನು. ಮೂರನೇ ಪೀರಿಯಡ್ಡಿಗೆ ಹಣೆಯ ಸುತ್ತ ಒಂದೊಂದೇ ಎಳೆ ಎದ್ದು ನಿಲ್ಲುತ್ತಿತ್ತು. ಹುಡುಗರು ನನ್ನನ್ನು ಸಾಯಿಬಾಬಾ ಅನ್ನುತ್ತಿದ್ದರು. ಅದರಲ್ಲೊಬ್ಬ ದಿನಾ ಕೈ ಚಾಚಿ ವಿಭೂತಿ ಕೇಳುತ್ತಿದ್ದ. ಒಂದು ದಿನ ಸೀಮೆಸುಣ್ಣದ ಪುಡಿ ಕೊಟ್ಟೆ, ಅಲ್ಲಿಗೆ ನಿಂತಿತು.

ಮುಡಿ ಕೊಟ್ಟರೆ ಹೊಸ ಕೂದಲು ನೆಟ್ಟಗೆ ಬರುತ್ತದೆ ಎಂದು ಯಾರೋ ಹೇಳಿದರು. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದೆವು. ಮಾದಪ್ಪನಿಗೆ ಮುಡಿ ಒಪ್ಪಿಸಿ, ತಲೆಗೆ ಗಂಧ ಬಳಿದುಕೊಂಡು ಬಂದೆ. ಆರು ತಿಂಗಳಿಗೆ ಮೊದಲಿಗಿಂತ ಒತ್ತಾಗಿ, ಮೊದಲಿಗಿಂತ ಸುರುಳಿಯಾಗಿ ಬಂತು. ಕೂದಲಿನ ಆಕಾರ ನಿರ್ಧಾರವಾಗುವುದು ಚರ್ಮದ ಕೆಳಗೆ, ಅದು ಹುಟ್ಟುವ ಗುಳಿಯಲ್ಲಿ. ಗುಳಿ ದುಂಡಗಿದ್ದರೆ ಕೂದಲು ನೆಟ್ಟಗೆ, ಚಪ್ಪಟೆಯಾಗಿ ಬಾಗಿದ್ದರೆ ಸುರುಳಿ. ಕ್ಷೌರದ ಕತ್ತಿ ಅಲ್ಲಿಯವರೆಗೆ ಹೋಗುವುದಿಲ್ಲ. ಮಾದಪ್ಪನಿಗೆ ಇದು ಗೊತ್ತಿದ್ದಿರಬೇಕು. ಪಾಪ, ಬಂದವರಿಗೆ ಇಲ್ಲ ಅನ್ನಲಾಗದೆ ಮುಡಿ ಇಸಿದುಕೊಂಡ.

ಅಲ್ಲಿಂದ ಶುರುವಾಯಿತು ನನ್ನ ಔಷಧ ಯಾತ್ರೆ. ಬೆಂಗಳೂರಿನ ಕಡೆ ಗ್ರಂದಿಗೆ ಅಂಗಡಿ ಅನ್ನುವುದನ್ನು ನಮ್ಮಲ್ಲಿ ನಾಟ್ಟು ಮರುಂದು ಕಡೈ ಅನ್ನುತ್ತಾರೆ. ಅಲ್ಲಿ ಮೂರು ಭಾಷೆ ಗೊತ್ತಿದ್ದರೆ ಮಾತ್ರ ತಲೆ ತೊಳೆಯಬಹುದು. ಸೀಗೆಕಾಯಿ ಕೇಳಿದರೆ ಶೀಯಕ್ಕಾಯ್ ಎಂದು ಅರ್ಥ ಮಾಡಿಕೊಂಡು ಕೊಡುತ್ತಾರೆ, ತೊಂದರೆಯಿಲ್ಲ. ಅಂಟುವಾಳಕಾಯಿ ಅಂದರೆ ಮುಖ ನೋಡುತ್ತಾರೆ. ಪೂಂದಿಕೊಟ್ಟೈ ಅನ್ನಬೇಕು, ಹಿಂದಿನ ಸಾಲಿನಲ್ಲಿ ನಿಂತ ತೆಲುಗಮ್ಮ ಅದನ್ನೇ ಕುಂಕುಡುಕಾಯ ಅನ್ನುತ್ತಾಳೆ. ಅಜ್ಜಿ ಹೇಳುತ್ತಿದ್ದ ಸುಜ್ಜಲು ಪುಡಿಗೆ ಇಲ್ಲಿ ಅರಪ್ಪು ಎಂದು ಹೆಸರು. ಗೊತ್ತಾಗುವ ಮೊದಲು ನಾನು ಒಂದೇ ಪುಡಿಯನ್ನು ಎರಡು ಹೆಸರಿನಲ್ಲಿ ಎರಡು ಸಲ ಕೊಂಡು, ಇದು ಅದಕ್ಕಿಂತ ಚೆನ್ನಾಗಿದೆ ಎಂದು ತೀರ್ಮಾನ ಕೂಡ ಮಾಡಿದ್ದೆ.

ಹಳೆಯದೆಲ್ಲ ಚಿನ್ನ ಎನ್ನುವವರ ಜೊತೆ ನನಗೆ ಇಲ್ಲಿ ಸಣ್ಣ ತಕರಾರಿದೆ. ಸೀಗೆಪುಡಿ ಎಣ್ಣೆ ತೆಗೆಯುತ್ತದೆ, ನಿಜ. ಕಣ್ಣಿಗೆ ಬಿದ್ದರೆ ಪೂರ್ವಜನ್ಮವೂ ಕಾಣುತ್ತದೆ, ಅದೂ ನಿಜ. ಆದರೆ ಗುಂಗುರು ಕೂದಲಿನೊಳಗೆ ಹೊಕ್ಕ ಪುಡಿ ಹೊರಗೆ ಬರುವುದಿಲ್ಲ. ಒಣಗಿದ ಮೇಲೆ ಕಚೇರಿಯಲ್ಲಿ ತಲೆ ಕೊಡವಿದರೆ ಲೆಡ್ಜರಿನ ಮೇಲೆ ಉದುರುತ್ತದೆ. ಮೇಲಾಗಿ ಗುಂಗುರಿಗೆ ಎಣ್ಣೆ ಹೋಗುವುದು ಬೇಕಾಗಿಯೇ ಇಲ್ಲ. ನೆತ್ತಿಯಲ್ಲಿ ಒಸರುವ ಜಿಡ್ಡು ನೆಟ್ಟನೆ ಕೂದಲಿನಲ್ಲಿ ಜಾರುಬಂಡೆಯಂತೆ ತುದಿಯವರೆಗೆ ಇಳಿಯುತ್ತದೆ. ಸುರುಳಿ ಕೂದಲಿನಲ್ಲಿ ತಿರುವು ತಿರುವಿಗೆ ನಿಂತು, ಅರ್ಧ ದಾರಿಯಲ್ಲೇ ಬಸವಳಿಯುತ್ತದೆ. ಬುಡ ಜಿಡ್ಡು, ತುದಿ ತೆಂಗಿನ ನಾರು.

ಇನ್ನು ಸ್ಯಾಶೆ ಕಾಲ. 1983ರಲ್ಲಿ ಕಡಲೂರಿನ ಸಿ.ಕೆ. ರಂಗನಾಥನ್ ಚಿಕ್ ಶಾಂಪೂ ಶುರುಮಾಡಿದರು. ಶಾಂಪೂ ಪೊಟ್ಟಣದಲ್ಲಿ ಮಾರುವ ದಾರಿ ತೋರಿಸಿದವರಲ್ಲಿ ಅವರ ತಂದೆ ಚಿನ್ನಿಕೃಷ್ಣನ್ ಮೊದಲಿಗರು. ಬಾಟಲಿ ಕೊಳ್ಳಲಾಗದ ಮನೆಗೂ ಶಾಂಪೂ ಬಂತು, ಪೆಟ್ಟಿಗೆ ಅಂಗಡಿಗಳ ಮುಂದೆ ತೋರಣದಂತೆ ತೂಗಾಡಿತು. ಎಲ್ಲರಿಗೂ ಒಂದು ಪೊಟ್ಟಣ ಸಾಕು. ನನಗೆ ನಾಲ್ಕು. ಹಾಗೆ ತೊಳೆದ ಮೇಲೆ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಜಾಹೀರಾತಿನ ಹೆಂಗಸಲ್ಲ, ಬೆದರಿದ ಕರಡಿ. ನಮ್ಮ ಯಜಮಾನರಿಗೆ ಕನ್ನಡ ಸಾಹಿತ್ಯದ ಹುಚ್ಚು. "ಪಂಪನಿಗೆ ಚಂಪೂ, ನಿನಗೆ ಶಾಂಪೂ" ಎಂದು ಮದುವೆಯಾದಾಗಿನಿಂದ ಒಂದೇ ಜೋಕು ಹೇಳುತ್ತಿದ್ದಾರೆ. ಆ ಪದ ಬಂದದ್ದು ಹಿಂದಿಯ 'ಚಾಂಪೋ'ದಿಂದ ಎಂದು ಅವರಿಗೆ ಆಮೇಲೆ ಹೇಳಿದೆ. ಚಾಂಪೋ ಎಂದರೆ ಒತ್ತು, ತಿಕ್ಕು. ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್ ಎಂಬಾತ 19ನೇ ಶತಮಾನದ ಮೊದಲಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಹಬೆಸ್ನಾನದ ಮನೆ ತೆರೆದು, ಅಲ್ಲಿನ ರಾಜರ ಮೈಯನ್ನೂ ಹೀಗೆ ತಿಕ್ಕಿದ. ಅಂದರೆ ಶಾಂಪೂವಿನ ತವರಿನಲ್ಲಿ ನೊರೆಯೇ ಇರಲಿಲ್ಲ. ಜಗಲಿಯ ಮೇಲೆ ಅಮ್ಮ ಪಟಪಟ ತಟ್ಟುತ್ತಿದ್ದಳಲ್ಲ, ಅದೇ ಅಸಲಿ ಶಾಂಪೂ.

ತಂಗಿಯ ಮದುವೆಗೆ ಒಂದು ಬ್ಯೂಟಿ ಪಾರ್ಲರಿಗೆ ಹೋದೆ. ಹುಬ್ಬು ತೀಡಿಸಿಕೊಳ್ಳಲು ಹೋದದ್ದು. ಅಲ್ಲಿಯ ಹುಡುಗಿ ನನ್ನ ತಲೆಯನ್ನು ಸಾವಿನ ಮನೆಗೆ ಬಂದವರ ಮುಖ ಮಾಡಿಕೊಂಡು ನೋಡಿ, "ಅಕ್ಕಾ, ಸ್ಟ್ರೈಟ್ನಿಂಗ್ ಪಣ್ಣಿಡಲಾಮಾ?" ಎಂದಳು. ಮಾಡಿಸಿಬಿಟ್ಟೆ. ಐದು ಗಂಟೆ ಕೂರಿಸಿದರು. ಕೂದಲಿನೊಳಗೆ ಗಂಧಕದ ಕೊಂಡಿಗಳಿರುತ್ತವಂತೆ, ಔಷಧಿ ಹಾಕಿ ಅವನ್ನು ಬಿಡಿಸಿ, ಬಿಸಿ ಕಬ್ಬಿಣದಲ್ಲಿ ಎಳೆದು, ನೆಟ್ಟಗೆ ನಿಲ್ಲಿಸಿ ಮತ್ತೆ ಕೊಂಡಿ ಹಾಕುವುದು. ಮದುವೆಮನೆಯಲ್ಲಿ ಸ್ವಂತ ಚಿಕ್ಕಮ್ಮ ನನ್ನನ್ನು ಗಂಡಿನ ಕಡೆಯವಳೆಂದು ತಿಳಿದು ಎರಡನೇ ಸಲ ಹೋಳಿಗೆ ಬಡಿಸಿದರು. ಆ ಮಟ್ಟಿಗೆ ಲಾಭ. ಆದರೆ ಔಷಧಿ ಕೆಲಸ ಮಾಡುವುದು ಇರುವ ಕೂದಲ ಮೇಲೆ, ಬರುವ ಕೂದಲ ಮೇಲಲ್ಲ. ಮೂರು ತಿಂಗಳಿಗೆ ಬುಡದಲ್ಲಿ ಸುರುಳಿ, ತುದಿಯಲ್ಲಿ ನೆಟ್ಟಗೆ. ಬುಡ ತಮಿಳುನಾಡು, ತುದಿ ಕರ್ನಾಟಕ, ನಡುವೆ ಅತ್ತಿಬೆಲೆ. ಕೂದಲು ತುಂಡಾದದ್ದೆಲ್ಲ ಚೆಕ್‌ಪೋಸ್ಟಿನಲ್ಲೇ.

ನೀರಿನ ವಿಷಯ ಹೇಳದಿದ್ದರೆ ಹೊಸೂರಿನ ಕೂದಲಿನ ಕತೆ ಪೂರ್ತಿಯಾಗದು. ನಮ್ಮ ಬೋರ್‌ವೆಲ್ ನೀರು ಗಡಸು. ಬಕೆಟ್ಟಿನ ಅಂಚಿಗೆ ಸುಣ್ಣದ ಪಟ್ಟೆ, ನಲ್ಲಿಯ ಮೂತಿಗೆ ಸುಣ್ಣದ ಮೀಸೆ. ಆ ಸುಣ್ಣಕ್ಕೆ ಸೋಪು ಸೇರಿದರೆ ಬಿಳಿ ಗಷ್ಟಾಗಿ ಕೂದಲಿಗೇ ಮೆತ್ತಿಕೊಳ್ಳುತ್ತದೆ. ಅಂಟುವಾಳಕ್ಕೆ ಈ ಬಾಧೆಯಿಲ್ಲ ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚೆಂದು ಹೊಗೇನಕಲ್ಲಿನಿಂದ ಕಾವೇರಿ ತರುವ ಯೋಜನೆ ಮಾಡಿದರು. 2008ರಲ್ಲಿ ಅದಕ್ಕಾಗಿ ಗಡಿಯ ಎರಡೂ ಕಡೆ ಜಗಳವೆದ್ದಾಗ ನಾವು ಕನ್ನಡದವರು ಯಾರ ಪರ ಎಂದು ಬೀದಿಯಲ್ಲಿ ಪ್ರಶ್ನೆ ಬಂತು. ಅಮ್ಮ "ನೀರು ಬರೋವರ ಪರ" ಎಂದಳು. 2013ರಲ್ಲಿ ಯೋಜನೆ ಶುರುವಾಯಿತು. ಒಂದು ಸಲ ಕದ್ದು ಆ ನೀರಿನಲ್ಲಿ ತಲೆ ತೊಳೆದೆ. ಸುರುಳಿಗಳು ಹೊಸ ಸ್ಪ್ರಿಂಗಿನ ಹಾಗೆ ನಿಂತವು! ಆದರೆ ಊರು ಊರೇ ಹಲ್ಲು, ಮೂಳೆ ಕಾಪಾಡಿಕೊಳ್ಳಲು ತಂದ ಕುಡಿಯುವ ನೀರನ್ನು ತಲೆಗೆ ಸುರಿದುಕೊಂಡರೆ ಪಾಪ ಬಾರದೆ? ಕಡೆಗೆ ಮನಸ್ಸಾಕ್ಷಿಯ ಜೊತೆ ಒಪ್ಪಂದವಾಯಿತು: ಸ್ನಾನವೆಲ್ಲ ಬೋರ್‌ವೆಲ್, ಕೊನೆಯ ಎರಡು ಚೊಂಬು ಮಾತ್ರ ಹೊಗೇನಕಲ್. ಹಾಗಾಗಿ ನಾನು ತಲೆಗೆ ಎರೆದುಕೊಳ್ಳುವ ದಿನವನ್ನು ಪಂಚಾಂಗ ಹೇಳುವುದಿಲ್ಲ, ನಲ್ಲಿ ಬಿಡುವವನು ಹೇಳುತ್ತಾನೆ.

ಮಗಳಿಗೂ ಇದೇ ಕೂದಲು ಬಂತು. ಅವಳು ನನ್ನ ಹಾಗೆ ಅಳಲಿಲ್ಲ, ಓದಿಕೊಂಡಳು. ಲೊರೇನ್ ಮ್ಯಾಸಿ ಎಂಬಾಕೆ 2001ರಲ್ಲಿ ಗುಂಗುರು ಕೂದಲಿನವರಿಗೆಂದೇ ಪುಸ್ತಕ ಬರೆದಿದ್ದಾಳಂತೆ. ಅದರಂತೆ ಮನೆಯಲ್ಲಿ ಕಾಯಿದೆಗಳು ಜಾರಿಗೆ ಬಂದವು. ಒಣ ಕೂದಲಿಗೆ ಬಾಚಣಿಗೆ ಮುಟ್ಟಿಸಕೂಡದು. ಕಂಡೀಷನರ್ ಹಚ್ಚಿ ಒದ್ದೆಯಲ್ಲೇ ಬೆರಳಿನಿಂದ ಸಿಕ್ಕು ಬಿಡಿಸಬೇಕು, ಅದೂ ತುದಿಯಿಂದ ಮೇಲಕ್ಕೆ. ಟರ್ಕಿ ಟವೆಲಿನಲ್ಲಿ ಉಜ್ಜಕೂಡದು. ಸವೆದ ಹತ್ತಿ ಪಂಚೆಯಲ್ಲಿ ಒತ್ತಬೇಕು. ಯಜಮಾನರ ಪಂಚೆಗಳು ಒಂದೊಂದಾಗಿ ಕಾಣೆಯಾದವು. ಅಂಗಡಿಯಲ್ಲಿ ಬಾಟಲಿ ತಿರುಗಿಸಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಇದೆಯೇ, ಡೈಮೆಥಿಕೋನ್ ಇದೆಯೇ ಎಂದು ತಾಯಿ ಮಗಳು ಓದುತ್ತ ನಿಂತರೆ, ಅಂಗಡಿಯವನು ಆಹಾರ ಇಲಾಖೆಯವರೆಂದು ಹೆದರಿ ಕುರ್ಚಿ ಹಾಕಿದ.

ಒಂದು ಭಾನುವಾರ ಮಗಳು ಅಗಸೆ ಬೀಜ ಕುದಿಸಿದಳು. ಲೋಳೆಲೋಳೆಯಾಗಿ ಮೊಟ್ಟೆಯ ಬಿಳಿಯಂತಾದಾಗ, ಬಿಸಿಯಲ್ಲೇ ಪಂಚೆಯಲ್ಲಿ ಹಿಂಡಿ ಸೋಸಬೇಕು. ತಣ್ಣಗಾದರೆ ಇಳಿಯುವುದಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಧಾರವಾಡದವರು ಚಟ್ನಿಪುಡಿ ಮಾಡ್ಕೊಂಡು ತಿನ್ನೋ ವಸ್ತು. ಏನೇ ಇದು ಅವತಾರ?"

"ಅಜ್ಜೀ, ಇದು ಜೆಲ್. ಒದ್ದೆ ಕೂದಲಿಗೆ ಹಚ್ಚಿ ಒಣಗಿಸಿದ್ರೆ ಗರಿಗರಿ ಆಗುತ್ತೆ. ಆಮೇಲೆ ಕೈಯಲ್ಲಿ ಹಿಸುಕಿದ್ರೆ ಸುರುಳಿ ಹಂಗೇ ನಿಲ್ಲುತ್ತೆ."

ಅಮ್ಮನ ಮುಖ ಅರಳಿತು. "ಓ, ಗಂಜಿ! ಸೀರೆಗೆ ಹಾಕ್ತೀವಲ್ಲ, ಹಂಗೆ. ಮೊದಲೇ ಹೇಳಬಾರ್ದಾ?" ಮಾರನೆಯ ವಾರದಿಂದ ಅನ್ನ ಬಸಿದ ಗಂಜಿಯನ್ನು ಒಂದು ಲೋಟ ತೆಗೆದಿಟ್ಟು, "ತಗೊಳ್ರೇ, ತಲೆಗೆ" ಎನ್ನತೊಡಗಿದಳು. ಪಾಟಿಯ ಗಾದೆ ತಿರುವುಮುರುವಾಯಿತು. ಸೋರು ಹಾಕಬೇಕಾದ ಮುಡಿಗೆ ನಾವೇ ಸೋರು ಹಾಕುತ್ತಿದ್ದೆವು.

ಈ ವರ್ಷ ಅಮ್ಮನ ಕಣ್ಣಿನ ಪೊರೆ ತೆಗೆಸಿದೆವು. ಕೆಲವು ವಾರ ತಲೆಗೆ ನೀರು ಬೇಡ, ಎಣ್ಣೆ ಬೇಡ ಎಂದರು. ಅಮ್ಮ ನನಗೆ ನೆನಪಿರುವಂದಿನಿಂದ ಎಣ್ಣೆ ಹಾಕಿ ಬಿಗಿಯಾಗಿ ಗಂಟು ಕಟ್ಟಿದವಳು. ಅವಳ ಕೂದಲು ಬಿಚ್ಚಿದ್ದನ್ನು ಬಚ್ಚಲಮನೆಯ ಹೊರಗೆ ನಾನು ಕಂಡವಳೇ ಅಲ್ಲ. ಡಾಕ್ಟರು ಒಪ್ಪಿದ ದಿನ ಮಗಳು ಅಜ್ಜಿಯನ್ನು ಹಿತ್ತಲ ಬೆಂಚಿನ ಮೇಲೆ ಮಲಗಿಸಿ, ಕಣ್ಣಿಗೆ ಹನಿ ತಾಗದಂತೆ ಹಿಂದಕ್ಕೆ ತೊಳೆದಳು. ಬಾಚಣಿಗೆ ತರಲು ಹೋದ ನನ್ನನ್ನು ತಡೆದು, ಕಂಡೀಷನರ್ ಹಚ್ಚಿ ಬೆರಳಾಡಿಸಿ, ಪಂಚೆಯಲ್ಲಿ ಒತ್ತಿ, ಬಿಸಿಲಿಗೆ ಬೆನ್ನು ಮಾಡಿ ಕೂರಿಸಿದಳು.

ಅರ್ಧ ಗಂಟೆಯಲ್ಲಿ ಕಿವಿಯ ಹಿಂದೆ ಒಂದು ಬಿಳಿ ಎಳೆ ಮೆಲ್ಲಗೆ ಮೇಲಕ್ಕೆ ಸುತ್ತಿಕೊಂಡಿತು. ಆಮೇಲೆ ಹೆಗಲ ಮೇಲೊಂದು. ಒಂದು ಗಂಟೆಗೆ ತಲೆ ತುಂಬ ಬೆಳ್ಳಿ ಉಂಗುರ.

ನಾನು ಕನ್ನಡಿ ತಂದು ಕೈಗಿತ್ತೆ. ಅಮ್ಮ ನೋಡಿದಳು. ಒಂದು ಸುರುಳಿಯನ್ನು ಎಳೆದು ಬಿಟ್ಟಳು. ಅದು ಚಿಮ್ಮಿ ಮೊದಲಿದ್ದ ಜಾಗಕ್ಕೆ ಹೋಗಿ ಕೂತಿತು.

"ಆಪರೇಷನ್ ಆದಮೇಲೆ ಸ್ವಲ್ಪ ದಿನ ಎಲ್ಲ ಸೊಟ್ಟಸೊಟ್ಟ ಕಾಣುತ್ತೆ ಅಂತ ಡಾಕ್ಟರು ಹೇಳಿದ್ರು" ಎಂದಳು.

ನಾವಿಬ್ಬರೂ ಮಾತಾಡಲಿಲ್ಲ. ಒಳಗೆ ಹೋದವಳು ಗೋಡೆಯ ಮೇಲಿನ ಅಪ್ಪನ ಫೋಟೋದ ಮುಂದೆ ನಿಂತಳು. ಸೆರಗಿನಿಂದ ಗಾಜು ಒರೆಸಿದಳು, ಆ ನುಣ್ಣನೆ ತಲೆಯ ಮೇಲೆ ಎರಡು ಸಲ ಹೆಚ್ಚಾಗಿಯೇ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಪ್ಪಂದೂ ಒಂಚೂರು ಇದ್ದೇ ಇರುತ್ತೆ ಕಣೇ" ಎಂದಳು.