ಪೆಸಿಫಿಕ್ ಮೇಲೆ ಪವಡಿಸುವವರು

ಬಿಸಿನೆಸ್ ಕ್ಲಾಸಿನ ವಿಷಯದಲ್ಲಿ ನನಗೂ ಅಷ್ಟಿಷ್ಟು ಅನುಭವವಿದೆ. ಹಿಂದಿನ ಸಾಲಿನ ನನ್ನ ಸೀಟಿಗೆ ಹೋಗುವಾಗ ಎಷ್ಟೋ ಸಲ ಅದರ ಮೂಲಕವೇ ಹಾದುಹೋಗಿದ್ದೇನೆ. ಆಗಲೇ ಕಾಲು ಚಾಚಿ, ಕೈಯಲ್ಲೊಂದು ಲೋಟ ಹಿಡಿದು ಕೂತಿರುವ ಅಲ್ಲಿನವರು ನಮ್ಮನ್ನು ನೋಡುವುದಿಲ್ಲ. ನಾವೂ ನೋಡದವರಂತೆ ಎಲ್ಲವನ್ನೂ ನೋಡಿಕೊಂಡು ಮುಂದೆ ಹೋಗುತ್ತೇವೆ. ಇಷ್ಟೇ ಅರ್ಹತೆಯ ಮೇಲೆ ಜಯನಗರದ ನಮ್ಮ ಭಾವ ನನ್ನನ್ನು ಸಲಹೆಗಾರನನ್ನಾಗಿ ನೇಮಿಸಿಕೊಂಡರು.

ಭಾವನಿಗೆ ಮೊಣಕಾಲಿನ ಆಪರೇಷನ್ ಆಗಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ಮಗಳು, "ಅಪ್ಪಾ, ಈ ಸಲ ಬಿಸಿನೆಸ್ ಕ್ಲಾಸಲ್ಲೇ ಬನ್ನಿ. ಪಾಯಿಂಟ್ಸ್ ಇದೆ, ದುಡ್ಡಿನ ಯೋಚನೆ ಬೇಡ. ಯಾವ ಏರ್‌ಲೈನ್ ಅಂತ ಹೇಳಿ ಸಾಕು" ಎಂದಳು. ಜೀವನವಿಡೀ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ತಿರುವಿಹಾಕಿದ ಮನುಷ್ಯನಿಗೆ ದುಡ್ಡಿನ ಯೋಚನೆ ಬೇಡವೆಂದರೆ ಬೇರೆ ಯೋಚನೆ ತಾನಾಗಿ ಬರುತ್ತದೆ. ಹಳೇ ಡೈರಿಯೊಂದನ್ನು ತೆಗೆದು ಗೀಟು ಹಾಕಿ ಕಾಲಂ ಮಾಡಿಕೊಂಡರು.

ಮೊದಲನೆಯದು ದಿಕ್ಕಿನ ಪ್ರಶ್ನೆ. ಬೇಸಿಗೆಯಲ್ಲಿ ಬೆಂಗಳೂರಿಗೂ ಕ್ಯಾಲಿಫೋರ್ನಿಯಾಕ್ಕೂ 12 ಗಂಟೆ 30 ನಿಮಿಷದ ಅಂತರ. ಭೂಮಿಯ ಆ ಮಗ್ಗುಲಿನಲ್ಲಿರುವ ಊರಿಗೆ ಪಡುವಣದಿಂದ ಹೋದರೂ ಸರಿ, ಮೂಡಣದಿಂದ ಹೋದರೂ ಸರಿ. ಭಾವ ಮೂಡಣವನ್ನೇ ಆರಿಸಿದರು. "ಶುಭಕಾರ್ಯಕ್ಕೆ ಪೂರ್ವದಿಕ್ಕೇ ವಾಸಿ" ಎಂಬುದು ಹೊರಗೆ ಹೇಳಿದ ಕಾರಣ. ಹಿಂದಿನ ಸಲ ಯೂರೋಪಿನ ಯಾವುದೋ ನಿಲ್ದಾಣದಲ್ಲಿ ಭದ್ರತೆಯವರು ಅಕ್ಕನ ಚಟ್ನಿಪುಡಿಯನ್ನು ಅನುಮಾನಿಸಿ ಬುಟ್ಟಿಗೆ ಹಾಕಿದ್ದು ಒಳಗಿನ ಕಾರಣ.

ಪೂರ್ವಕ್ಕೆ ತಿರುಗಿದ ಮೇಲೆ ಉಳಿದದ್ದು ಪೆಸಿಫಿಕ್. ಅದನ್ನು ದಾಟಲು ಸಿಂಗಪುರ, ಹಾಂಗ್‌ಕಾಂಗ್, ಟೋಕಿಯೊ ಎಂಬ ಮೂರು ಬಾಗಿಲು. ಸಿಂಗಪುರದಿಂದ ಸ್ಯಾನ್ ಫ್ರಾನ್ಸಿಸ್ಕೋ 13,500 ಕಿಲೋಮೀಟರಿಗೂ ಹೆಚ್ಚು, ಹೋಗುವಾಗ ಸುಮಾರು 15 ಗಂಟೆ. ಟೋಕಿಯೊದಿಂದ ಸುಮಾರು 8,200 ಕಿಲೋಮೀಟರು, ಒಂಬತ್ತು ಒಂಬತ್ತೂವರೆ ಗಂಟೆ. ಬರುವಾಗ ಎರಡಕ್ಕೂ ಎದುರುಗಾಳಿಯ ದಂಡ ಸೇರಿಸಿಕೊಳ್ಳಬೇಕು. ಈ ಗಾಳಿಯನ್ನು 1920ರ ದಶಕದಲ್ಲಿ ಬಲೂನು ಹಾರಿಸಿ ಅಳೆದವರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ. ಲೋಕಕ್ಕೆಲ್ಲ ತಿಳಿಯಲೆಂದು ಅವರು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಹಾಗಾಗಿ ಲೋಕದಲ್ಲಿ ಬಹುಮಟ್ಟಿಗೆ ಯಾರೂ ಓದಲಿಲ್ಲ.

"ಬೇಗ ಮುಟ್ಟುವುದು ಒಳ್ಳೆಯದಲ್ಲವೇ?" ಎಂದೆ. ಭಾವ ಕನ್ನಡಕದ ಮೇಲಿಂದ ನೋಡಿದರು. "ಹತ್ತಿದ ಮೇಲೆ ಊಟಕ್ಕೆ ಎರಡು ಗಂಟೆ, ಇಳಿಯುವ ಮುಂಚೆ ತಿಂಡಿಗೆ ಎರಡು ಗಂಟೆ. ಒಂಬತ್ತರಲ್ಲಿ ನಾಲ್ಕು ಹೋದರೆ ನಿದ್ದೆಗೆ ಉಳಿಯೋದೆಷ್ಟು? ಹಾಸಿಗೆಗೆ ದುಡ್ಡು ಕೊಟ್ಟ ಮೇಲೆ ಪ್ರಯಾಣ ಉದ್ದವಿದ್ದಷ್ಟೂ ಲಾಭ." ಬ್ಯಾಂಕಿನವರ ಲೆಕ್ಕ ಬ್ಯಾಂಕಿನವರಿಗೇ ಸರಿ.

ಹಾಸಿಗೆಯ ಮಾತು ನಿಜವೇ, ಅದಕ್ಕೊಂದು ಇತಿಹಾಸವೂ ಇದೆ. 1935ರ ನವೆಂಬರಿನಲ್ಲಿ ಪ್ಯಾನ್ ಆಮ್ ಕಂಪನಿಯ ‘ಚೈನಾ ಕ್ಲಿಪ್ಪರ್’ ಎಂಬ ಹಾರುವ ದೋಣಿ ಅಂಚೆಚೀಲ ಹೊತ್ತು ಕ್ಯಾಲಿಫೋರ್ನಿಯಾದಿಂದ ಮನಿಲಾಕ್ಕೆ ಹೋಯಿತು. ಮರುವರ್ಷ ಪ್ರಯಾಣಿಕರೂ ಹತ್ತಿದರು. ಹೊನಲುಲು ದಾಟಿದರೆ ಮಿಡ್‌ವೇ, ವೇಕ್, ಗುವಾಮ್. ದ್ವೀಪದಿಂದ ದ್ವೀಪಕ್ಕೆ ಹಗಲು ಹಾರಿ, ರಾತ್ರಿ ಕಂಪನಿಯೇ ಕಟ್ಟಿಸಿದ ಹೋಟೆಲಿನಲ್ಲಿ ಮಲಗುತ್ತಿದ್ದರು. ಆಮೇಲೆ ವಿಮಾನಕ್ಕೆ ವೇಗ ಬಂತು, ಮಲಗುವ ಜಾಗ ಹೋಯಿತು. ಬಿಸಿನೆಸ್ ಕ್ಲಾಸ್ ಎಂಬ ದರ್ಜೆಯನ್ನು 1979ರಲ್ಲಿ ಕ್ವಾಂಟಸ್ ಶುರುಮಾಡಿದಾಗಲೂ ಸಿಕ್ಕಿದ್ದು ಅಗಲದ ಕುರ್ಚಿಯೇ. ಆ ದರ್ಜೆಗೆ ಪೂರ್ತಿ ಚಪ್ಪಟೆಯಾದ ಹಾಸಿಗೆಯನ್ನು ಬ್ರಿಟಿಷ್ ಏರ್‌ವೇಸ್ ಕೊಟ್ಟದ್ದು 2000ದಲ್ಲಿ. "ಅದಕ್ಕೂ ಎಷ್ಟೋ ವರ್ಷ ಮುಂಚೆಯೇ ನಾವು ಮೈಸೂರಿನಿಂದ ಧಾರವಾಡಕ್ಕೆ ಮಲಗಿಕೊಂಡೇ ಹೋಗುತ್ತಿದ್ದೆವು" ಎಂದು ಅಕ್ಕ ಅಡುಗೆಮನೆಯಿಂದಲೇ ಹೇಳಿದಳು.

ಆದರೆ ಚಪ್ಪಟೆ ಎಂದಮಾತ್ರಕ್ಕೆ ಎಲ್ಲ ಚಪ್ಪಟೆಯೂ ಒಂದೇ ಅಲ್ಲ. ಆರಿಸಬೇಕಾದದ್ದು ಕಂಪನಿಯನ್ನಲ್ಲ, ವಿಮಾನವನ್ನು ಮತ್ತು ಸೀಟನ್ನು ಎಂಬುದು ಈ ಶಾಸ್ತ್ರದ ಮೊದಲ ಸೂತ್ರ. ಒಂದೇ ಕಂಪನಿಯ ಒಂದು ವಿಮಾನದಲ್ಲಿ ಬಾಗಿಲಿರುವ ಕೋಣೆ, ಇನ್ನೊಂದರಲ್ಲಿ ಕಿಟಕಿಯವರು ಪಕ್ಕದವರ ಕಾಲು ದಾಟಿ ಹೋಗಬೇಕಾದ ಜೋಡಿಸೀಟು. ಸಿಂಗಪುರದವರ ಎ350ರಲ್ಲಿ ಬಹುಕಾಲದಿಂದ ಇರುವ ಸೀಟು ಬಲು ಅಗಲ. ಆದರೆ ಮಲಗಬೇಕಾದರೆ ಎದ್ದು ನಿಂತು, ಸೀಟಿನ ಬೆನ್ನನ್ನು ಮುಂದಕ್ಕೆ ಮಗುಚಬೇಕು. ಮಲಗಿದ ಮೇಲೂ ಓರೆಯಾಗಿ ಒರಗಿ, ಕಾಲನ್ನು ಮೂಲೆಯ ಗೂಡಿಗೆ ತೂರಿಸಬೇಕು. ಭಾವ ದಿವಾನದ ಮೇಲೆ ಓರೆಯಾಗಿ ಮಲಗಿ, ಕಾಲನ್ನು ಪುಸ್ತಕದ ಕಪಾಟಿನ ಕೆಳಖಾನೆಗೆ ತೂರಿಸಿ ಅಭ್ಯಾಸ ನಡೆಸಿದರು. ಹೊಸ ಮೊಣಕಾಲು ಒಪ್ಪಲಿಲ್ಲ. ಜಪಾನಿನ ಆನಾ ಕಂಪನಿಯ ‘ದಿ ರೂಮ್’ ಸೀಟಂತೂ ಇನ್ನೂ ವಿಶಾಲ. ಆದರೆ ಅರ್ಧದಷ್ಟು ಜನ ವಿಮಾನದ ಬಾಲಕ್ಕೆ ಮುಖಮಾಡಿ ಕೂರಬೇಕು. "ಮಗಳ ಮನೆಗೆ ಬೆನ್ನು ಹಾಕಿಕೊಂಡು ಹೋಗೋದೇ?" ಎಂದು ಭಾವ ಆ ಕಾಲಂ ಹೊಡೆದುಹಾಕಿದರು. ಹಾಂಗ್‌ಕಾಂಗಿನ ಕ್ಯಾಥೆಯವರು 2024ರಲ್ಲಿ ತಂದ ‘ಆರಿಯಾ’ ಸೀಟಿಗೆ ಬಾಗಿಲಿದೆ, ಮಧ್ಯದ ಜೋಡಿಯ ನಡುವೆ ತಡಿಕೆಯಿದೆ ಎಂದಾಗ ಅಕ್ಕ ಹೊರಗೆ ಬಂದು, "ಆ ತಡಿಕೆ ಏರಿಸೋದು ನನ್ನ ಕೈಲಿರತ್ತೋ, ಅವರ ಕೈಲೋ?" ಎಂದು ವಿಚಾರಿಸಿದಳು.

ಊಟದ ಕಾಲಂ ಅಕ್ಕನದು. ಸಿಂಗಪುರದವರ ಬಿಸಿನೆಸ್ ಕ್ಲಾಸಿನಲ್ಲಿ ಬೇಕಾದದ್ದನ್ನು ಮೊದಲೇ ಹೇಳಿ ಮಾಡಿಸಿಕೊಳ್ಳಬಹುದು, ಲಾಬ್‌ಸ್ಟರ್ ಅಲ್ಲಿ ಬಹಳ ಪ್ರಸಿದ್ಧ ಎಂದು ನಾನು ಓದಿದೆ. ಅಕ್ಕ ಕೈಮುಗಿದಳು. ‘ಹಿಂದೂ ಮೀಲ್’ ಎಂಬ ಹೆಸರು ನೋಡಿ ನೆಮ್ಮದಿಪಡುವವರು ಬಹಳ; ಅದರಲ್ಲಿ ದನದ ಮಾಂಸ ಇರುವುದಿಲ್ಲ ಅಷ್ಟೇ, ಕೋಳಿ ಮೀನು ಧಾರಾಳವಾಗಿ ಬರಬಹುದು. ನಮ್ಮ ಪೈಕಿಯವರು ಕೇಳಬೇಕಾದದ್ದು ‘ಏಷ್ಯನ್ ವೆಜಿಟೇರಿಯನ್’. ಈರುಳ್ಳಿ ಬೆಳ್ಳುಳ್ಳಿಯೂ ಬೇಡವೆಂದರೆ ‘ಜೈನ್ ಮೀಲ್’. ಮಾಧ್ವರ ಮನೆಯ ಮಗಳು ಪೆಸಿಫಿಕ್ ದಾಟುವಷ್ಟು ಹೊತ್ತು ಜೈನಳಾಗಬೇಕು.

ಅವಳ ದೊಡ್ಡ ಚಿಂತೆ ಏಕಾದಶಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಸೋಮವಾರ ರಾತ್ರಿ ಹೊರಟ ಸಿಂಗಪುರದ ವಿಮಾನ ಇಳಿಯುವುದು ಬುಧವಾರ ಬೆಳಿಗ್ಗೆ. ಕತ್ತಲನ್ನು ಬೆನ್ನಟ್ಟಿಕೊಂಡೇ ಹಾರುವುದರಿಂದ ನಡುವೆ ಸೂರ್ಯೋದಯವೇ ಇಲ್ಲ. ಮಂಗಳವಾರ ಏಕಾದಶಿಯಾದರೆ ಉಪವಾಸ ಯಾವಾಗ? ಅಮೆರಿಕದ ಊರುಗಳಿಗೂ ಪಂಚಾಂಗ ಬಂದಿದೆ, ಬೆಂಗಳೂರಿಗೆ ಇದ್ದೇ ಇದೆ. ದಿನರೇಖೆಯ ಮೇಲೆ ಮಲಗಿರುವವರಿಗೆ ಯಾರೂ ಬರೆದಿಲ್ಲ. "ಉಪವಾಸ ತಪ್ಪಿತಲ್ಲ, ಸಂತೋಷ" ಎಂದರು ಭಾವ. "ತಪ್ಪಿದ್ದು ದ್ವಾದಶಿಯ ಪಾರಣೆ ಅಂದುಕೊಂಡರೆ?" ಎಂದಳು ಅಕ್ಕ. ಭಾವ ಕಾಲಂ ಮುಚ್ಚಿದರು.

ಕೊನೆಗೆ ಒಂದು ಸಂಜೆ ಡೈರಿಯಲ್ಲಿ ಫಲಿತಾಂಶ ಬಂತು: ಬೆಂಗಳೂರಿನಿಂದ ನೇರ ಟೋಕಿಯೊದ ನರಿಟಾ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ, ಜಪಾನ್ ಏರ್‌ಲೈನ್ಸ್. ನನಗೆ ಆಶ್ಚರ್ಯ. ನಿದ್ದೆಯ ಲೆಕ್ಕದಲ್ಲಿ ಟೋಕಿಯೊ ಮೊದಲ ದಿನವೇ ನಪಾಸಾಗಿತ್ತು. ಮಗಳಿಗೆ ಬರೆದ ಪತ್ರದಲ್ಲಿ ಕಾರಣಗಳೂ ಇದ್ದವು: ಜಪಾನಿಯರ ಸಮಯಪಾಲನೆ, ಶಿಸ್ತು, ಹಿರಿಯರಿಗೆ ಕೊಡುವ ಗೌರವ. ನಿವೃತ್ತರ ಸಂಘದಲ್ಲಿ ಓದಿದ್ದರೆ ಚಪ್ಪಾಳೆ ಬೀಳುವಂಥ ಪತ್ರ.

ಜನ ಯಾವುದನ್ನೇ ಆರಿಸಲಿ, ಎತ್ತಿ ಹೇಳುವ ಕಾರಣ ಒಂದು, ಎತ್ತಿಕೊಳ್ಳುವ ಕಾರಣ ಇನ್ನೊಂದು. ಶಾಂಪೇನಿನ ಹೆಸರು, ದಿಂಬಿನ ಲೆಕ್ಕ ಎಲ್ಲ ಎತ್ತಿ ಹೇಳುವುದಕ್ಕೆ. ಡೈರಿಯ ಕಡೇ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಇನ್ನೊಂದು ಕಾಲಂ ಇತ್ತು, ಶೀರ್ಷಿಕೆಯಿಲ್ಲದ್ದು. ಜಪಾನಿನವರ 787 ವಿಮಾನದ ಶೌಚಾಲಯದಲ್ಲಿ ಗುಂಡಿ ಒತ್ತಿದರೆ ನೀರು ಬರುತ್ತದೆ, ಅದೂ ಬೆಚ್ಚಗಿನ ನೀರು. ಉಳಿದ ಸಾಲುಗಳಲ್ಲಿ ‘ಕಾಗದ’, ‘ಕಾಗದ’ ಎಂದು ಬರೆದಿತ್ತು.

ಮಗಳ ಉತ್ತರ ಅರ್ಧ ಗಂಟೆಯಲ್ಲಿ ಬಂತು. "ಅಪ್ಪಾ, ಜಪಾನಿನ ಶಿಸ್ತು ನನಗೂ ಇಷ್ಟ. ಟಿಕೆಟ್ ಆಯ್ತು. ಇಲ್ಲಿ ಮನೇಲೂ ಎರಡೂ ಬಾತ್‌ರೂಮಿಗೆ ಹಾಕಿಸಿದ್ದೀನಿ, ನಿಶ್ಚಿಂತೆಯಾಗಿ ಬನ್ನಿ."