ಎಡಗಿವಿ

"ಏನ್ಲಾ, ಬೆಳಗಿಂದ ಮೊಬೈಲ್ ಉಜ್ತಾ ಕೂತಿದೀಯ?"

"ಕೆಲಸ ಹುಡುಕ್ತಿದೀನಿ ಮಾವ. ಸಿನಿಮಾ ಕೆಲಸ."

"ಅದಕ್ಕೆ ಗಾಂಧಿನಗರಕ್ಕೆ ಹೋಗ್ಬೇಕಲ್ವೇನೋ?"

"ಅದು ನಿಮ್ಮ ಕಾಲ. ಈಗೆಲ್ಲ ಇನ್‌ಸ್ಟಾಗ್ರಾಂ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಂತೋಯ್ತಲ್ಲ, ನನ್ನ 12,000 ಫಾಲೋವರ್ಸ್ ಒಂದೇ ರಾತ್ರಿಗೆ ಹೋದ್ರು. ತಾತ ಹೋದಾಗ್ಲೂ ಅಷ್ಟು ಅತ್ತಿರ್ಲಿಲ್ಲ."

"ಈಗ ಯಾರಾದ್ರೂ ಕರೆದ್ರಾ?"

"ಹ್ಞೂಂ! 'ಹೊಸ ಮುಖಗಳು ಬೇಕಾಗಿವೆ' ಅಂತ ಪೋಸ್ಟ್ ಬಂತು. 'ಇಂಟರೆಸ್ಟೆಡ್ ಸರ್' ಅಂತ ಹಾಕ್ದೆ. ನನಗಿಂತ ಮುಂಚೆ 400 ಜನ ಹಂಗೇ ಹಾಕಿದ್ರು. ಆದ್ರೂ ನಂಗೇ ಮೆಸೇಜು! ರಿಜಿಸ್ಟ್ರೇಷನ್‌ಗೆ 2,500, ಫೋಟೊಶೂಟ್‌ಗೆ 5,000."

"ಸಂಬಳ ಅವರು ಕೊಡೋದಾ, ನೀನು ಕೊಡೋದಾ?"

"ಎಂಟ್ರಿ ಲೆವೆಲ್ ಮಾವ. ಎಂಟ್ರಿಗೆ ಟಿಕೆಟ್ ಇರಲ್ವಾ?"

(ಹುಡುಗ ಬಿ.ಕಾಂ. ಮುಗಿಸಿದ್ದಾನೆ. ಲೆಕ್ಕ ಬಾರದವನೇನಲ್ಲ.)

"ಪಾತ್ರ?"

"ಮದುವೆ ಮನೆ ಸೀನು, ಹಿಂದಿನ ಪಂಕ್ತಿ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೂ ಅದೇ ಎಲೆ, ಅದೇ ಹಪ್ಪಳ. ಹಸಿವಾಗಿ ತುದಿ ಮುರಿದೆ. ಕಂಟಿನ್ಯೂಟಿ ಹೋಯ್ತು ಅಂತ ಎಲ್ಲರೆದುರು ಬೈದ್ರು."

"ತೆರೆ ಮೇಲೆ ಕಾಣ್ತೀಯ ತಾನೆ?"

"ಎಡಗಿವಿ ಕಾಣುತ್ತೆ. ಸುತ್ತ ಕೆಂಪು ಗೆರೆ ಎಳೆದು ರೀಲ್ ಹಾಕಿದೀನಿ. ಅದನ್ನ ನೋಡಿ ಇಬ್ಬರು ಹುಡುಗರು ಚಾನ್ಸ್ ಕೊಡ್ಸಿ ಅಂತ ದುಂಬಾಲು ಬಿದ್ದಿದಾರೆ."

"ಏನಂದೆ?"

"ರಿಜಿಸ್ಟ್ರೇಷನ್‌ಗೆ 2,500 ಆಗುತ್ತೆ ಅಂದೆ."