ಟಿವಿಯೊಳಗೆ ಉರಿದ ಕೊರಡು

ಅಮೆರಿಕದ ಕ್ರಿಸ್‌ಮಸ್ ಟಿವಿ ಕಾರ್ಯಕ್ರಮಗಳಲ್ಲಿ ನಟನೆಯ ಗೋಜೇ ಇಲ್ಲದೆ ಗೆದ್ದದ್ದು ಒಂದು ಸೌದೆ ಕೊರಡು. 1966ರ ಡಿಸೆಂಬರ್ 24ರಂದು ನ್ಯೂಯಾರ್ಕ್‌ನ ಡಬ್ಲ್ಯೂಪಿಐಎಕ್ಸ್ ವಾಹಿನಿ ಜಾಹೀರಾತುಗಳನ್ನೆಲ್ಲ ಬದಿಗಿಟ್ಟು, ಗಂಟೆಗಟ್ಟಲೆ ಉರಿಯುವ ಸೌದೆಯನ್ನೇ ತೋರಿಸಿತು. ಹಿನ್ನೆಲೆಯಲ್ಲಿ ಹಬ್ಬದ ಹಾಡುಗಳು. ಮನೆಯಲ್ಲಿ ಬೆಂಕಿಗೂಡಿಲ್ಲದ ಅಪಾರ್ಟ್‌ಮೆಂಟ್ ಮಂದಿಗೆ ಆ ನೋಟವಾದರೂ ಸಿಗಲಿ ಎಂಬುದು ಉದ್ದೇಶ, ನೋಟವಷ್ಟೇ, ಬಿಸಿಯಲ್ಲ. ಮೂಲ ಚಿತ್ರ ಬರೀ 17 ಸೆಕೆಂಡಿನದು. ಅದನ್ನೇ ಗಾಣದೆತ್ತಿನಂತೆ ಸುತ್ತಿಸಲಾಯಿತು. ಮೇಯರ್ ನಿವಾಸದಲ್ಲಿ ಚಿತ್ರೀಕರಣ ನಡೆದಾಗ, ಜ್ವಾಲೆ ಚೆನ್ನಾಗಿ ಕಾಣಲೆಂದು ಒಲೆಯ ಮುಂದಿನ ತಡೆಯನ್ನು ತೆಗೆದಿದ್ದರು. ಕಿಡಿ ಹಾರಿ ರತ್ನಗಂಬಳಿ ಸುಟ್ಟಿತು. 1970ರಲ್ಲಿ ಮರುಚಿತ್ರೀಕರಣವಾಯಿತು, ಅದೂ ಕ್ಯಾಲಿಫೋರ್ನಿಯಾದ ಆಗಸ್ಟ್ ಸೆಕೆಯಲ್ಲಿ!

ಸಿನಿಮಾಗಳ ಪೈಕಿ 'ಇಟ್ಸ್ ಎ ವಂಡರ್‌ಫುಲ್ ಲೈಫ್' 1946ರಲ್ಲಿ ತೆರೆಕಂಡಾಗ ಹಾಕಿದ ದುಡ್ಡೂ ಹುಟ್ಟಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯದ ನವೀಕರಣ ತಪ್ಪಿಹೋಯಿತು. ಪುಕ್ಕಟೆ ಸಿಕ್ಕಿತಲ್ಲ ಎಂದು ವಾಹಿನಿಗಳು ಪ್ರತಿ ಡಿಸೆಂಬರ್‌ನಲ್ಲೂ ಹಾಕಿದ್ದೇ ಹಾಕಿ ಅದನ್ನು ಕ್ಲಾಸಿಕ್ ಮಾಡಿಬಿಟ್ಟವು.

ಹಬ್ಬದ ಹಾಡುಗಳ ಪೈಕಿ ಗಾಯಕಿ ಮರಾಯಾ ಕೇರಿ ಅವರ 1994ರ 'ಆಲ್ ಐ ವಾಂಟ್ ಫಾರ್ ಕ್ರಿಸ್‌ಮಸ್ ಈಸ್ ಯೂ' ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ತುದಿ ಮುಟ್ಟಿದ್ದು 2019ರಲ್ಲಿ. ಅಷ್ಟರಲ್ಲಿ ಅಂಗಡಿಗಳ ಕೆಲಸಗಾರರಿಗೆ ಅದು ನಿದ್ದೆಯಲ್ಲೂ ಬಾಯಿಪಾಠ.